ಇಂಜಿನ್ ಇಳಿಸದೆ ಹಿಡಿದ ಟಕ್ ಟಕ್

ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕ್‌ಶಾಫ್ಟಿಗೆ ಸೇರುವಲ್ಲಿನದು) ಹೋಗಿದೆ, ಇಂಜಿನ್ ಇಳಿಸಲೇಬೇಕು. ನನ್ನ ಹಳೇ ಕಾರಿನ ಸದ್ದು ಕೇಳಿದವರೆಲ್ಲ ಹೇಳಿದ್ದು ಇದನ್ನೇ. ಕೈ ಪಳಗಿದ ಮೆಕ್ಯಾನಿಕ್‌ಗಳೂ ಹಾಗೇ ಅಂದರು. ಕೊನೆಗೆ ಸಿಕ್ಕಿದ ಕಳ್ಳ ಕ್ರ್ಯಾಂಕ್ ಪುಲ್ಲಿ, ಅಂದರೆ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಬೆಲ್ಟ್ ತಿರುಗಿಸುವ ಚಕ್ರ. ಓವರ್‌ಹಾಲ್‌ಗೆ ಹೇಳಿದ್ದ ದುಡ್ಡಿನ ಇಪ್ಪತ್ತರಲ್ಲಿ ಒಂದು ಪಾಲೂ ಖರ್ಚಾಗಲಿಲ್ಲ.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ ಇದು. ಐಡ್ಲಿಂಗ್‌ನಲ್ಲಿ ದಪ್ಪ ದನಿಯ ಟಕ್ ಟಕ್. ಎಸಿ ಹಾಕಿದರೆ ಇನ್ನೂ ಜೋರು. ಆದರೆ ಆಕ್ಸಿಲರೇಟರ್ ಒತ್ತಿ 1,500 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ದಾಟಿಸಿದರೆ ಅರ್ಧಕ್ಕರ್ಧ ಇಳಿಯುತ್ತಿತ್ತು. ನನಗೆ ಅನುಮಾನ ಬಂದಿದ್ದೇ ಇಲ್ಲಿ. ಬಿಗ್ ಎಂಡ್ ಬಡಿತ ಆರ್‌ಪಿಎಂ ಏರಿದಂತೆ ಏರಬೇಕು, ಅಲ್ವಾ?

ಅಷ್ಟರೊಳಗೆ ದುಡ್ಡು ಸಾಕಷ್ಟು ಹೋಗಿತ್ತು. ದಪ್ಪ ಆಯಿಲ್ ಹಾಕಿಸಿದ್ದಾಯಿತು, ಸದ್ದು ಕೂದಲಷ್ಟೂ ಇಳಿಯಲಿಲ್ಲ. ಬೆಲ್ಟ್ ಟೆನ್ಷನರ್ ಹೊಸದು ಬಂತು. ಆಲ್ಟರ್ನೇಟರ್ ಬೇರಿಂಗ್ ಕೂಡ ಬದಲಾಯಿತು. ಉದ್ದ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಕೇಳಿದರೆ ಇಂಜಿನ್ನಿನ ಮುಂಭಾಗವೆಲ್ಲ ಒಂದೇ ಥರ ಬಡಿಯುತ್ತಿತ್ತು. ಲೋಹದಲ್ಲಿ ಸದ್ದು ಎಲ್ಲಿಂದೆಲ್ಲಿಗೋ ಹರಿಯುತ್ತದೆ. ಈ ಸ್ಕ್ರೂಡ್ರೈವರ್ ಸ್ಟೆತಸ್ಕೋಪ್ ಒಂದನ್ನೇ ನಂಬಿದರೆ ಕೆಲಸ ಕೆಟ್ಟ ಹಾಗೇ.

ಆಮೇಲೆ ಕಿವಿ ಬಿಟ್ಟು ಲೆಕ್ಕ ಹಿಡಿದೆ. ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ, ನಾಲ್ಕು ಪಟ್ಟು ನಿಧಾನ ಮಾಡಿ, ಬಡಿತ ಎಣಿಸಿದೆ. ಐಡ್ಲಿಂಗ್ ಸುಮಾರು 800 ಆರ್‌ಪಿಎಂ, ಅಂದರೆ ಕ್ರ್ಯಾಂಕ್ ಸೆಕೆಂಡಿಗೆ 13 ಸುತ್ತು. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಅದರ ಅರ್ಧ, ವಾಲ್ವ್ ಒತ್ತುವ ಟ್ಯಾಪೆಟ್ ಬಡಿಯುವುದೂ ಅದೇ ಲೆಕ್ಕದಲ್ಲಿ. ಬಡಿತ 13ರ ಆಸುಪಾಸಿನಲ್ಲೇ ಬಂತು. ಟ್ಯಾಪೆಟ್ ಪಟ್ಟಿಯಿಂದ ಹೊರಗೆ ಬಿತ್ತು.

ಮುಂದೆ ಒಂದೊಂದೇ ಸಿಲಿಂಡರಿನ ಪ್ಲಗ್ ವೈರ್ ತೆಗೆದು ಕೇಳಿದೆ. ತೆಗೆದ ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ ಅರ್ಥ್ ಮಾಡಿರಬೇಕು, ಕೆಲವೇ ಸೆಕೆಂಡು ಓಡಿಸಬೇಕು. ಬೇರಿಂಗ್ ಹೋಗಿದ್ದರೆ ಆ ಸಿಲಿಂಡರಿನಲ್ಲಿ ದನಿ ಬದಲಾಗಬೇಕಿತ್ತು. ನಾಲ್ಕರಲ್ಲೂ ಬದಲಾಗಲಿಲ್ಲ. ಆಯಿಲ್ ಫಿಲ್ಟರ್ ಕೊಯ್ದು ಮಡಿಕೆ ಬಿಡಿಸಿ ನೋಡಿದೆ, ಲೋಹದ ಪುಡಿ ಇರಲಿಲ್ಲ. ಇಷ್ಟು ತೋರಿಸಿದ ಮೇಲೂ ಒಬ್ಬ ಮೆಕ್ಯಾನಿಕ್ ಒಪ್ಪದೆ ತಲೆ ಅಲ್ಲಾಡಿಸಿದರು. ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸಿದೆ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಅದಕ್ಕಿಂತ ಜಾಸ್ತಿ ಬೇಡ. ಬಡಿತ ಮೆತ್ತಗಾಯಿತು, ನಿಲ್ಲಲಿಲ್ಲ. ಅಂದರೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಕಳ್ಳರಲ್ಲ.

ಉಳಿದಿದ್ದು ಪುಲ್ಲಿ ಮಾತ್ರ. ಇದರ ಒಳ ಹಬ್ಬಿಗೂ ಹೊರ ರಿಂಗಿಗೂ ನಡುವೆ ರಬ್ಬರ್ ಪಟ್ಟಿ ಇರುತ್ತದೆ. ಹಬ್ಬಿನಿಂದ ಅಂಚಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದೆ. ಬೆಲ್ಟ್ ಹಾಕಿ, ಎಸಿ ಚಾಲೂ ಮಾಡಿ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆ. ರಬ್ಬರಿನ ಹತ್ತಿರ ಗೆರೆ ತುಂಡಾಗಿತ್ತು. ಹೊರಗಿನ ತುಂಡು ಸುಮಾರು ಬೆರಳಗಲ ಪಕ್ಕಕ್ಕೆ ಸರಿದಿತ್ತು. ಬಿರುಕುಬಿಟ್ಟ ರಬ್ಬರ್ ಅಲ್ಲಲ್ಲಿ ಹೊರಗೆ ಇಣುಕುತ್ತಿತ್ತು. ಬೇರಿಂಗ್ ಅಂದವರನ್ನು ಕರೆದು ತೋರಿಸಿದೆ. ಆ ಖುಷಿ ಇನ್ನೂ ಇದೆ!

ಇನ್ನೊಂದು ಗಂಟೂ ಇದರ ಜೊತೆಗೇ ಬಿಚ್ಚಿಕೊಂಡಿತು. ಏರಿನಲ್ಲಿ ಕಿಟಿಕಿಟಿ ಅಂತ ಪಿಂಗಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಬರುವ ಸದ್ದು) ಇತ್ತು, ಅದನ್ನೂ ಬೇರಿಂಗ್ ಲೆಕ್ಕಕ್ಕೇ ಬರೆದಿದ್ದರು. ಈ ಇಂಜಿನ್ನಿನಲ್ಲಿ ಟೈಮಿಂಗ್ ಗುರುತು, ಅಂದರೆ ಪ್ಲಗ್ ಕಿಡಿ ಯಾವಾಗ ಹಾರಬೇಕು ಅಂತ ಹೊಂದಿಸುವ ಗುರುತು, ಇರುವುದೇ ಹೊರ ರಿಂಗಿನ ಮೇಲೆ. ರಿಂಗ್ ಜಾರಿದರೆ ಆ ಗುರುತು ನೋಡಲು ಹಿಡಿಯುವ ಟೈಮಿಂಗ್ ಲೈಟ್ ಸುಳ್ಳು ಹೇಳುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಳಿಸಿ, ಕೈಯಲ್ಲೇ ಕ್ರ್ಯಾಂಕ್ ತಿರುಗಿಸಿ ಟಿಡಿಸಿ (ಪಿಸ್ಟನ್ ತುತ್ತತುದಿಗೆ ಬರುವ ಜಾಗ) ನೋಡಿದೆ. ಗುರುತು ಹತ್ತು ಡಿಗ್ರಿಗಿಂತ ಜಾಸ್ತಿ ಆಚೆ ಇತ್ತು. ಆ ಗುರುತು ನೋಡಿಕೊಂಡೇ ಗ್ಯಾರೇಜಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದರು, ಅದಕ್ಕೇ ಕಿಡಿ ಬೇಗ ಹಾರಿ ಪಿಂಗಿಂಗ್ ಬರುತ್ತಿತ್ತು.

ಪುಲ್ಲಿ ಬೋಲ್ಟ್ ಬಿಚ್ಚುವಾಗ ಕ್ರ್ಯಾಂಕನ್ನು ತಿರುಗದಂತೆ ಹಿಡಿಯಲು ನನ್ನದೇ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ. ಹೊಸ ಪುಲ್ಲಿ ಕೂರಿಸುವಾಗ ಇಂಜಿನ್ನಿನ ಮುಂಭಾಗದ ಕ್ರ್ಯಾಂಕ್ ಆಯಿಲ್ ಸೀಲನ್ನೂ ಹೊಸದು ಹಾಕಿಬಿಡಿ. ಅದರ ಖರ್ಚು ಏನೇನೂ ಅಲ್ಲ, ಮತ್ತೆ ಬಿಚ್ಚುವ ಕೆಲಸ ತಪ್ಪುತ್ತದೆ. ಟೈಮಿಂಗ್ ಹೊಸದಾಗಿ ಇಟ್ಟ ಮೇಲೆ ಪಿಂಗಿಂಗ್ ಕೂಡ ಹೋಯಿತು. ಈಗ ಇಂಜಿನ್ ತಣ್ಣಗಿದ್ದಾಗ ಸಣ್ಣದೊಂದು ಟಿಕ್ ಟಿಕ್ ಇದೆ, ಬಿಸಿಯಾದಂತೆ ನಿಲ್ಲುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಇರಬೇಕು. ಸೈಲೆನ್ಸರಿನ ಬಾಯಿಂದ ಗಾಳಿ ಊದಿ, ಜೋಡಣೆಗೆ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದಾ ನೋಡುವುದು ಮುಂದಿನ ಕೆಲಸ.