ಹಿನ್ನೀರಿನ ಬೋಟನ್ನು ಸರ್ವೇಗೆ ಸಿದ್ಧ ಮಾಡಿದ್ದು

ಆಲಮಟ್ಟಿ ಹಿನ್ನೀರಿನಲ್ಲಿ, ಬೀಳಗಿ ತಾಲ್ಲೂಕಿನ ದಂಡೆಯಿಂದ ನಮ್ಮ ಬೋಟ್ ಜನರನ್ನು ದಾಟಿಸುತ್ತದೆ. ಎಂಜಿನ್ ಇರುವ ಬೋಟ್ ಅಂದ ಮೇಲೆ 2021ರ ಒಳನಾಡು ಹಡಗು ಕಾಯ್ದೆಯಂತೆ ಸರ್ವೇ (ಬೋಟ್ ಓಡಿಸಲು ಸುರಕ್ಷಿತವೇ ಅಂತ ನೋಡುವ ತಪಾಸಣೆ) ಪ್ರಮಾಣಪತ್ರ, ನೋಂದಣಿ, ವಿಮೆ ಮೂರೂ ಬೇಕು. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು ಇದು. ಕಾಗದಪತ್ರದ ಕೆಲಸ ತಾಳ್ಮೆ ಇದ್ದರೆ ಮುಗಿಯುತ್ತದೆ. ಬೆವರು ಸುರಿಯುವುದು ಬೋಟಿನ ಕೆಲಸಕ್ಕೆ.

ನಾನು ಬೇಸಿಗೆಯನ್ನೇ ಆರಿಸಿಕೊಂಡೆ. ಏಪ್ರಿಲ್-ಮೇ ಹೊತ್ತಿಗೆ ಹಿನ್ನೀರು ಇಳಿದಿರುತ್ತದೆ. ಬೋಟನ್ನು ದಂಡೆಗೆ ಎಳೆದು ದಿಮ್ಮಿಗಳ ಮೇಲೆ ಕೂರಿಸಿದೆವು. ಸರ್ವೇಯರ್‌ಗೆ ತೋರಿಸಬೇಕು ಅಂತ ಸುಮ್ನೆ ಹೊಸ ಬಣ್ಣ ಹೊಡೆಯಬೇಡಿ. ಹಳೇ ಬಣ್ಣ ಕೆರೆಯಿರಿ. ನೀರು ತಾಕುವ ಗೆರೆಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆಯೆಲ್ಲ ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಿದೆ. ಪ್ರೊಪೆಲ್ಲರ್ ಶಾಫ್ಟ್ ಒಳಗೆ ಬರುವ ಕಡೆ ನೀರು ತಡೆಯಲು ತುರುಕುವ ಪ್ಯಾಕಿಂಗನ್ನೂ ಬದಲಿಸಿದೆ. ನೀರು ಜಾಸ್ತಿ ಸೋರುವುದು ಅಲ್ಲೇ.

ಆಮೇಲೆ ತೇಲಿಸಿ ನೋಡುವ ಪರೀಕ್ಷೆ. ಒಬ್ಬರಿಗೆ 75 ಕೆ.ಜಿ. ಲೆಕ್ಕ ಹಿಡಿದು ಮರಳು ಚೀಲ ಪೇರಿಸಿದೆವು. ಚೀಲಗಳನ್ನು ಒಂದೇ ಬದಿಗೆ ಸರಿಸಿದಾಗ ಬೋಟ್ ಎಷ್ಟು ವಾಲುತ್ತದೆ, ಅಂಚಿಗೂ ನೀರಿಗೂ ಎಷ್ಟು ಅಂತರ ಉಳಿಯುತ್ತದೆ ಅಂತ ಸರ್ವೇಯರ್ ಅಳೆದರು. ದಿನಾ ಆಗುವುದೂ ಹಾಗೇ ಅಲ್ವಾ? ದಂಡೆ ಹತ್ತಿರ ಬಂದ ಕೂಡಲೇ ಎಲ್ಲರೂ ಇಳಿಯುವ ಬದಿಗೆ ಎದ್ದು ನಿಲ್ಲುತ್ತಾರೆ. ತಳದಲ್ಲಿ ನೀರು ನಿಂತಿದ್ದರೆ ಇನ್ನೂ ಕೆಟ್ಟದ್ದು. ಬೋಟ್ ವಾಲಿದ ಕಡೆಗೇ ಆ ನೀರೂ ಓಡಿ, ಮತ್ತಷ್ಟು ವಾಲಿಸುತ್ತದೆ. ಅದಕ್ಕೇ ಪಂಪ್ ಹಚ್ಚಿ ತಳ ಒಣಗಿಸದೆ ನಾನು ಮೊದಲ ಖೇಪು ಬಿಡುವುದಿಲ್ಲ. ಆಷಾಢದ ಗಾಳಿಗೆ ಹಿನ್ನೀರಿನಲ್ಲಿ ಏಳುವ ಅಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯ್ದೆ ಕೂಡ ಅಲೆಯ ಎತ್ತರ ನೋಡಿಯೇ ನೀರನ್ನು ಮೂರು ವಲಯ ಮಾಡಿದೆ: 2 ಮೀಟರ್‌ವರೆಗೆ, 1.2ರವರೆಗೆ, 0.6ರವರೆಗೆ.

ಬೆಂಕಿ ಆರಿಸುವ ಸಿಲಿಂಡರ್, ನೀರಿಗೆ ಬಿದ್ದವರಿಗೆ ಎಸೆಯುವ ತೇಲುವ ಬಳೆ (ಲೈಫ್‌ಬಾಯ್), ಲಂಗರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಹೊಂದಿಸುವುದು ಕಷ್ಟವಲ್ಲ. ಲೈಫ್ ಜಾಕೆಟ್ ಮಾತ್ರ ಗಂಟು ಕಟ್ಟಿ ಮೂಲೆಗೆ ಇಡಬೇಡಿ. ಸೀಟಿನ ಹತ್ತಿರವೇ ಇರಲಿ. ಮಕ್ಕಳಿಗೆ ಅವರ ಅಳತೆಯದೇ ಬೇಕು, ದೊಡ್ಡವರದು ತೊಡಿಸಿದರೆ ನೀರಿನಲ್ಲಿ ತಲೆಯ ಮೇಲಿಂದ ಜಾರುತ್ತದೆ.

ಎಷ್ಟು ಜನ ಹತ್ತಬಹುದು ಅನ್ನುವುದನ್ನು ಬೋಟಿನ ಎರಡೂ ಬದಿಗೆ ದೊಡ್ಡದಾಗಿ ಬರೆಸಿದ್ದೇನೆ. ಬೈಕ್ ಒಂದು ಬಂದರೆ ಇಬ್ಬರನ್ನು ಕಡಿಮೆ ಮಾಡುತ್ತೇನೆ. ಸಂತೆ ದಿನ ಹಿರಿಯರು, "ಒಬ್ನ ಅದೀನಿ, ಹತ್ತಿಸ್ಕೊಳ್ಳಪಾ" ಅಂತ ಕೇಳುತ್ತಾರೆ. "ಕಾಕಾ, ಮುಂದಿನ ಖೇಪಿಗೆ ಮೊದಲ ಸೀಟ್ ನಿಮ್ಮದ ರೀ" ಅಂದು ದಂಡೆಯಲ್ಲೇ ಕೂರಿಸುತ್ತೇನೆ.