ಮಾಕ್ ವೆರಿಫೈ ಸಾಲುಗಳನ್ನು ಅಳಿಸಿ ಜೋಡಿ ಕಡಿತ ನಿಲ್ಲಿಸಿದ್ದು: ನನ್ನ ಅನುಭವ

ಪಾವತಿ ಸೇವೆಯ ಯೂನಿಟ್ ಟೆಸ್ಟ್‌ಗಳಲ್ಲಿದ್ದ ವೆರಿಫೈ ಸಾಲುಗಳ (ನಿಜವಾದ ಭಾಗದ ಬದಲು ನಿಲ್ಲಿಸಿದ ನಕಲಿಗೆ, ಅಂದರೆ ಮಾಕ್‌ಗೆ, ಇಂಥ ಕರೆ ಬಂತೇ ಎಂದು ನೋಡುವ ಸಾಲುಗಳು) ಪೈಕಿ ಮುಕ್ಕಾಲು ಪಾಲನ್ನು ಅಳಿಸಬೇಕೆಂದು ನಾನು ಹೇಳಿದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಪರಿಶೀಲನೆ ಕಡಿಮೆಯಾದಷ್ಟೂ ದೋಷ ನುಸುಳುತ್ತದೆ ಎಂಬುದು ಅವರ ವಾದವಾಗಿತ್ತು. ಈಗ ವರ್ಷವಾಗುತ್ತ ಬಂದಿದೆ, ಒಬ್ಬ ಗ್ರಾಹಕರಿಂದಲೂ ಎರಡು ಬಾರಿ ಹಣ ಕಡಿತವಾಗಿಲ್ಲ.

ಆ ಸೇವೆ ನನ್ನ ಕೈಗೆ ಬಂದಾಗ ಜಾವಾದ ಮಾಕ್ ಲೈಬ್ರರಿ ಮಾಕಿಟೊ ಬಳಸಿದ ಎರಡು ಸಾವಿರದಷ್ಟು ಟೆಸ್ಟ್‌ಗಳಿದ್ದು, ಬಹುಪಾಲು ‘ವೆರಿಫೈ ನೋ ಮೋರ್ ಇಂಟರಾಕ್ಷನ್ಸ್’ನಲ್ಲೇ (ಪರಿಶೀಲಿಸಿದ್ದನ್ನು ಬಿಟ್ಟು ಬೇರೆ ಕರೆ ಆಗಿರಬಾರದು ಎಂಬ ಸಾಲು) ಮುಗಿಯುತ್ತಿದ್ದವು. ಡೇಟಾ ತಂದುಕೊಡುವ ರೆಪಾಸಿಟರಿಯಿಂದ ಎರಡು ಸಲ ಓದುತ್ತಿದ್ದುದನ್ನು ಒಂದಕ್ಕೆ ಇಳಿಸಿದರೆ ಸಾಕು, ವರ್ತನೆ ಕಿಂಚಿತ್ತೂ ಬದಲಾಗದಿದ್ದರೂ ಅರವತ್ತು ಎಪ್ಪತ್ತು ಟೆಸ್ಟ್‌ಗಳು ಬಿದ್ದು ಕೆಂಪಾಗುತ್ತಿದ್ದವು. ಅಷ್ಟು ಬಿಗಿಯಾದ ಟೆಸ್ಟ್‌ಗಳನ್ನು ದಾಟಿಯೇ ಜೋಡಿ ಕಡಿತದ ದೋಷ ಪ್ರೊಡಕ್ಷನ್ ಸೇರಿತ್ತು. ಹಣ ಕಡಿತ ನಡೆಸುವ ಗೇಟ್‌ವೇಯ ಹಿಂದಿರುಗದ ಶುಲ್ಕ ಮತ್ತು ಲೆಕ್ಕ ತಾಳೆ ಹಾಕಲು ಇಬ್ಬರು ಕಳೆದ ವಾರಗಳ ಸಂಬಳ ಸೇರಿ, ಹಲವು ತಿಂಗಳ ಸಿಐ (ಪ್ರತಿ ಬದಲಾವಣೆಗೂ ಬಿಲ್ಡ್, ಟೆಸ್ಟ್ ತಾನೇ ಓಡಿಸುವ ವ್ಯವಸ್ಥೆ) ಬಿಲ್ಲನ್ನು ಮೀರಿದ ನಷ್ಟವಾಯಿತು.

ಗೇಟ್‌ವೇ ಉತ್ತರ ಬಾರದೆ ಟೈಮ್‌ಔಟ್ ಆದಾಗ ಮರುಪ್ರಯತ್ನವು ಮೊದಲಿನ ಐಡೆಂಪೊಟೆನ್ಸಿ ಕೀಯನ್ನೇ (ಅದೇ ವಿನಂತಿ ಮತ್ತೆ ಬಂದಿದೆ ಎಂದು ತಿಳಿಸುವ ಗುರುತು) ಹೊತ್ತು ಹೋಗಬೇಕಿತ್ತು. ಕೋಡು ಅದೇ ವಿನಂತಿ ಆಬ್ಜೆಕ್ಟಿಗೆ ಹೊಸ ಕೀ ತುಂಬಿ ಕಳುಹಿಸುತ್ತಿತ್ತು. ಟೆಸ್ಟ್, ಕರೆಗೆ ಕೊಟ್ಟ ಮೌಲ್ಯವನ್ನು ಹಿಡಿದಿಡುವ ಆರ್ಗ್ಯುಮೆಂಟ್ ಕ್ಯಾಪ್ಟರ್‌ನಿಂದ ಎರಡೂ ಕರೆಗಳನ್ನು ಹಿಡಿದು ಕೀಗಳು ಒಂದೇ ಆಗಿವೆಯೇ ಎಂದು ನೋಡುತ್ತಿತ್ತು, ಪ್ರತಿ ಸಲವೂ ಹಸಿರಾಗುತ್ತಿತ್ತು. ಕ್ಯಾಪ್ಟರ್ ಇಟ್ಟುಕೊಳ್ಳುವುದು ಪ್ರತಿಯನ್ನಲ್ಲ, ಮೂಲ ಆಬ್ಜೆಕ್ಟನ್ನು ತೋರಿಸುವ ರೆಫರೆನ್ಸನ್ನು. ಆದ್ದರಿಂದ ‘ಗೆಟ್ ಆಲ್ ವ್ಯಾಲ್ಯೂಸ್’ ಕೊಟ್ಟ ಎರಡೂ ಮೌಲ್ಯಗಳು ಒಂದೇ ಆಬ್ಜೆಕ್ಟ್ ಆಗಿದ್ದು, ಕೊನೆಯ ಕೀಯನ್ನೇ ತೋರಿಸುತ್ತಿದ್ದವು. ಮೊದಲು, ಮಾಕ್‌ಗೆ ಕರೆ ಬಂದಾಗ ನಮ್ಮ ಕೋಡು ಓಡಿಸುವ ‘ಡೂ ಆನ್ಸರ್’ ಒಳಗೆ ಕರೆಯ ಕ್ಷಣದಲ್ಲೇ ಕೀಯನ್ನು ಪಟ್ಟಿಗೆ ಸೇರಿಸಿದೆ. ಟೆಸ್ಟ್ ಕೂಡಲೇ ಕೆಂಪಾಯಿತು. ಆಮೇಲೆ ವಿನಂತಿಯನ್ನೇ ಬದಲಾಗದ ರೆಕಾರ್ಡ್ ಮಾಡಿದ್ದರಿಂದ ಕ್ಯಾಪ್ಟರ್ ಮತ್ತೆ ನಂಬಿಕೆಗೆ ಅರ್ಹವಾಯಿತು.

ಅಳಿಸುವಾಗ ನಾನು ಹಿಡಿದ ನಿಯಮ ಒಂದೇ: ಮಾಹಿತಿ ಕೇಳುವ ಕರೆಗೆ ವೆರಿಫೈ ಬೇಡ, ಹೊರಗೆ ಪರಿಣಾಮ ಬೀರುವ ಕರೆಗೆ ಬೇಕೇ ಬೇಕು. ಹಣ ಕಡಿತ, ಮರುಪಾವತಿ, ಇಮೇಲ್, ಕ್ಯೂ ಸಂದೇಶ ಇವಷ್ಟೇ ಉಳಿದವು. ಕೇಳುವ ಕರೆಗಳನ್ನು ಮಾಕಿಟೊದ ಸ್ಟ್ರಿಕ್ಟ್ ಸ್ಟಬ್ಸ್ ಎಂಬ ಬಿಗಿ ವಿಧಾನ ನೋಡಿಕೊಳ್ಳುತ್ತದೆ, ಬಳಕೆಯಾಗದ ಸ್ಟಬ್ (ಮಾಕ್‌ಗೆ ಮೊದಲೇ ಹೇಳಿಟ್ಟ ಉತ್ತರ) ಇದ್ದರೆ ಟೆಸ್ಟನ್ನು ಅದೇ ಬೀಳಿಸುತ್ತದೆ. ಯಾವ ಸಾಲು ಯಾವ ವರ್ಗದ್ದೆಂದು ಗುರುತಿಸಲು ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಅದರ ಒಳಗುಟ್ಟನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೆಚ್ಚು ಕಾಡಿದ್ದು, ಈ ಕರೆ ಆಗಲೇಬಾರದು ಎನ್ನುವ ‘ನೆವರ್’. ನಿರ್ದಿಷ್ಟ ಆರ್ಗ್ಯುಮೆಂಟ್ ಕೊಟ್ಟು ‘ನೆವರ್’ ಬರೆದರೆ, ಇಮೇಲಿನಲ್ಲಿ ಒಂದು ಅಕ್ಷರ ಬೇರೆಯಾಗಿ ಕರೆ ಹೋದರೂ ಟೆಸ್ಟ್ ಪಾಸಾಗುತ್ತದೆ. ಹಾಗೆಂದು ಯಾವ ಮೌಲ್ಯಕ್ಕೂ ಹೊಂದುವ ‘ಎನಿ’ಗೆ ಕ್ಲಾಸ್ (ಮೌಲ್ಯದ ಬಗೆ) ಕೊಟ್ಟು ಬರೆದರೂ ಸಾಲದು, ಮಾಕಿಟೊ 2ರಿಂದ ಅದು ನಲ್‌ಗೆ (ಮೌಲ್ಯವೇ ಇಲ್ಲದ ಸ್ಥಿತಿಗೆ) ಹೊಂದುವುದಿಲ್ಲ, ನಲ್ ವಿಳಾಸದೊಂದಿಗೆ ಹೋದ ಕರೆ ಆ ಜರಡಿಯಲ್ಲಿ ಸೋರಿಹೋಗುತ್ತದೆ. ‘ನೆವರ್’ ಜೊತೆ ಬರಿಯ ‘ಎನಿ’, ಇಷ್ಟು ಸಲ ಕರೆಯಾಗಬೇಕು ಎನ್ನುವ ‘ಟೈಮ್ಸ್’ ಜೊತೆ ನಿಖರ ಮೌಲ್ಯ ಎಂಬುದನ್ನು ಈಗ ರಿವ್ಯೂನಲ್ಲಿ ನಾನು ಬಿಡುವುದೇ ಇಲ್ಲ.

ನಡುವೆ ಪೈಥಾನ್ ಸ್ಕ್ರಿಪ್ಟ್‌ಗಳಲ್ಲೂ ಕೈಯಾಡಿಸಿದೆ. ಅಲ್ಲಿ ‘ಅಸರ್ಟ್’ ಪೂರ್ವಪದ ಬಿಟ್ಟು ‘ಕಾಲ್ಡ್ ಒನ್ಸ್ ವಿತ್’ ಎಂದು ಬರೆದ ಸಾಲುಗಳು ಏನನ್ನೂ ಪರೀಕ್ಷಿಸದೆ ಪಾಸಾಗುತ್ತಿದ್ದವು, ಪೈಥಾನ್ 3.12ರಿಂದ ಅವು ದೋಷ ಎಸೆಯುತ್ತವೆ, ಹಳೆಯದರಲ್ಲಿ ಆಟೋಸ್ಪೆಕ್ (ಮೂಲದಲ್ಲಿಲ್ಲದ ಹೆಸರು ಬಳಸಿದರೆ ದೋಷ ಎಸೆಯುವ ಮಾಕ್) ಇಲ್ಲದೆ ಗತಿಯಿಲ್ಲ.

ವಾದ ಮುಗಿಸಿದ್ದು ಪಿಟ್ ಎಂಬ ಉಪಕರಣದ ಮ್ಯುಟೇಶನ್ ಪರೀಕ್ಷೆ: ಕೋಡನ್ನು ಬೇಕೆಂದೇ ಕೆಡಿಸಿ, ಟೆಸ್ಟ್‌ಗಳು ಎಷ್ಟನ್ನು ಹಿಡಿಯುತ್ತವೆ ಎಂದು ಅಂಕ ಕೊಡುವುದು. ಅದು ಏನನ್ನೂ ಹಿಂದಿರುಗಿಸದ ವಾಯ್ಡ್ ಕರೆಗಳನ್ನು ಕಿತ್ತುಹಾಕಿ ಟೆಸ್ಟ್ ಬೀಳುತ್ತದೆಯೇ ಎಂದು ನೋಡುತ್ತದೆ. ಇಡೀ ಸೇವೆಗೆ ಓಡಿಸಿದರೆ ಗಂಟೆಗಟ್ಟಲೆ ಹಿಡಿಯುತ್ತಿದ್ದುದರಿಂದ ಪಾವತಿ ಪ್ಯಾಕೇಜಿಗೆ ಮಾತ್ರ ಓಡಿಸಿದೆ: ನೆನಪಿನ ಪ್ರಕಾರ ಮೊದಲು ನೂರಕ್ಕೆ ಅರವತ್ತರ ಆಸುಪಾಸು ಇದ್ದ ಅಂಕ, ಸಾಲುಗಳನ್ನು ಅಳಿಸಿ ಉಳಿದವನ್ನು ಬಿಗಿಮಾಡಿದ ಮೇಲೆ ಎಂಬತ್ತೈದನ್ನು ದಾಟಿತು. ವ್ಯರ್ಥ ಮರುಬಿಲ್ಡ್‌ಗಳು ನಿಂತು ಸಿಐ ಬಿಲ್ಲೂ ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು. ಕರೆಗಳ ಕ್ರಮ ನೋಡುವ ‘ಇನ್‌ಆರ್ಡರ್’ ಉಳಿಸಿಕೊಂಡಿರುವುದು ಒಂದೇ ಕಡೆ: ಕೀಯನ್ನು ಡೇಟಾಬೇಸಿಗೆ ಬರೆದ ನಂತರವೇ ಗೇಟ್‌ವೇಗೆ ಕರೆ ಹೋಗಬೇಕಾದಲ್ಲಿ.