ನನ್ನ ಉಬ್ಬಸದ ಲೆಕ್ಕದ ಪುಸ್ತಕ

ನಮ್ಮ ತೀರ್ಥಹಳ್ಳಿ ಕಡೆ ಜೂನ್ ಬಂತೆಂದರೆ ನನ್ನ ಎದೆಯಲ್ಲಿ ಸೀಟಿ ಶುರುವಾಗುತ್ತಿತ್ತು. ಥಂಡಿಗೆ ಹೀಗಾಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಸ್ವೆಟರ್, ಮಫ್ಲರ್, ಕಷಾಯ ಎಲ್ಲ ಆಯಿತು. ರಾತ್ರಿ 3 ಗಂಟೆಗೆ ಎದ್ದು ಮುಂದಕ್ಕೆ ಬಾಗಿ ಕೂರುವುದು ಮಾತ್ರ ತಪ್ಪಲಿಲ್ಲ.

ಡಾಕ್ಟರು ಪೀಕ್ ಫ್ಲೋ ಮೀಟರ್ ತಗೊಳ್ಳಲು ಹೇಳಿದರು. ಊದಿದ ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಅಂತ ತೋರಿಸುವ ಪ್ಲಾಸ್ಟಿಕ್ ಕೊಳವೆ ಅದು, ಮೇಲೆ ಚಿಕ್ಕ ಮುಳ್ಳು. ನಿಂತುಕೊಂಡು ಉಸಿರು ಪೂರ್ತಿ ಎಳೆದು, ಒಂದೇ ಸಲ ಜೋರಾಗಿ ಊದಬೇಕು. ಮೂರು ಸಲ ಊದಿ, ಜಾಸ್ತಿ ಬಂದದ್ದನ್ನು ಬರೆಯಬೇಕು. ಚೆನ್ನಾಗಿದ್ದ ದಿನ ನನಗೆ 420 ಬರುತ್ತದೆ. ಅದರಲ್ಲಿ ನೂರಕ್ಕೆ 80, ಅಂದರೆ 336ಕ್ಕಿಂತ ಇಳಿದರೆ ಎಚ್ಚರ. ಅರ್ಧಕ್ಕಿಂತ ಇಳಿದರೆ ರಿಲೀವರ್ (ಉಸಿರು ಕಟ್ಟಿದಾಗ ಬೇಗ ಆರಾಮ ಕೊಡುವ ಇನ್‌ಹೇಲರ್) ಎಳೆದು ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಆ ಅಂಕಿಯ ಪಕ್ಕದಲ್ಲೇ ಅವತ್ತಿನ ಮಳೆ, ಹೊಗೆ, ಮಲಗಿದ ಜಾಗ ಎಲ್ಲ ಬರೆದೆ. ಮನೆಯಲ್ಲಿ ಎದ್ದ ಬೆಳಗ್ಗೆ 290, 300. ತೋಟದಲ್ಲಿ ನೆನೆದು ಬಂದ ಮಧ್ಯಾಹ್ನ 390! ಥಂಡಿಯೇ ಕಾರಣವಾಗಿದ್ದರೆ ಅವತ್ತೇ ಕಡಿಮೆ ಬರಬೇಕಿತ್ತು, ಅಲ್ವಾ? ಉಬ್ಬಸದವರಿಗೆ ಬೆಳಗ್ಗೆ ಸ್ವಲ್ಪ ಇಳಿಯುವುದು ಇದ್ದದ್ದೇ. ಆದರೆ ಅಕ್ಕನ ಮನೆಯಲ್ಲಿ ಮಲಗಿದ ಎರಡು ದಿನ ಬೆಳಗ್ಗೆಯೇ 380 ಬಂತು.

ಮನೆಗೆ ಬಂದವಳೇ ಮಂಚ ಎಳೆದು ನೋಡಿದೆ. ಹಿಂದಿನ ಗೋಡೆಯಲ್ಲಿ ಅಂಗೈಯಗಲದ ಕಪ್ಪು ಬೂಷ್ಟು. ಹತ್ತಿ ಹಾಸಿಗೆಯ ಅಡಿಭಾಗ ಮುಟ್ಟಿದರೆ ತಣ್ಣಗೆ, ಜಿಗುಟು. ಬಿಸಿಲು ಕಂಡು ಮೂರು ತಿಂಗಳಾಗಿತ್ತು. ಇಂಥ ತೇವದಲ್ಲೇ ಧೂಳಿನ ನುಸಿ ಹೆಚ್ಚುತ್ತದೆ. ಕಣ್ಣಿಗೆ ಕಾಣದ ಅದರ ಹಿಕ್ಕೆಯೇ ಶ್ವಾಸನಾಳವನ್ನು ಕೆರಳಿಸುವುದು.

ಹಾಸಿಗೆ ಹೊರಗೆ ಹೋಯಿತು. ಹೊಸದಕ್ಕೆ ಜಿಪ್ ಇರುವ ಕವರ್ ಹಾಕಿದೆ. ಬೂಷ್ಟು ತಿಕ್ಕಿ ತೆಗೆಯುವಾಗ ನಾನು ಆ ಕಡೆ ಸುಳಿಯಲಿಲ್ಲ, ಅಣ್ಣ ಮಾಡಿದ. ಮಂಚ ಈಗ ಗೋಡೆಯಿಂದ ಒಂದು ಮೊಳ ದೂರ. ವಾರಕ್ಕೊಮ್ಮೆ ಹೊದಿಕೆಗಳನ್ನು ಬಚ್ಚಲ ಹಂಡೆಯ ಸುಡುನೀರಲ್ಲಿ ಅದ್ದುತ್ತೇವೆ, ಉಗುರುಬೆಚ್ಚಗಿನ ನೀರಿಗೆ ನುಸಿ ಸಾಯುವುದಿಲ್ಲ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವುವುದನ್ನೂ ಬಿಟ್ಟೆವು.

ಇನ್ನೊಂದು ತಪ್ಪು ನನ್ನದೇ. ಬೇಸಿಗೆಯಲ್ಲಿ ಆರಾಮಾಗಿದ್ದೇನೆ ಅಂತ ಉಬ್ಬಸ ಬಾರದಂತೆ ದಿನಾ ತಗೊಳ್ಳುವ ಪ್ರಿವೆಂಟರ್ ಇನ್‌ಹೇಲರ್ ನಿಲ್ಲಿಸಿಬಿಡುತ್ತಿದ್ದೆ. ಮಳೆ ಶುರುವಾಗುವ ಹೊತ್ತಿಗೆ ಶ್ವಾಸನಾಳಕ್ಕೆ ಯಾವ ರಕ್ಷಣೆಯೂ ಇರುತ್ತಿರಲಿಲ್ಲ. ಈಗ ದಿನಾ ತಗೊಂಡು ಬಾಯಿ ಮುಕ್ಕಳಿಸುತ್ತೇನೆ. ಡಾಕ್ಟರನ್ನು ಕೇಳದೆ ನಿಲ್ಲಿಸುವುದಿಲ್ಲ.

ಈ ಜುಲೈಯಲ್ಲಿ ಬೆಳಗಿನ ಲೆಕ್ಕ 370ರ ಮೇಲೇ ಇತ್ತು. ಮುಂದೆ ದೀಪಾವಳಿ ಕಳೆದ ಮೇಲೆ ತರಗೆಲೆ ಸುಡುತ್ತಾರೆ. ಚಳಿಯ ಬೆಳಗ್ಗೆ ಆ ಹೊಗೆ ಮೇಲೇರದೆ ನೆಲದ ಹತ್ತಿರವೇ ನಿಲ್ಲುತ್ತದೆ. ಅದಕ್ಕೇ ವಾಕಿಂಗನ್ನು ಸಂಜೆ 4ಕ್ಕೆ ಇಟ್ಟುಕೊಂಡಿದ್ದೇನೆ.